ಗಿಟಾರ್ ಅಣ್ಣ ‘ಹೂಂ’ ಅನ್ನುವ ತನಕ

ಗಿಟಾರ್ ಅಣ್ಣನ ಹಾಡುಗಳನ್ನೆಲ್ಲ ಒಂದೆಡೆ ಸೇರಿಸಿ ಹೊರತರುತ್ತೇನೆ ಎಂದು ನಾನು ರಾಯದುರ್ಗದ ತುಂಬ ಹೇಳಿಕೊಂಡು ತಿರುಗುತ್ತಿದ್ದ ಕಾಲಕ್ಕೆ, ಅವನು ಸ್ಟುಡಿಯೋದಲ್ಲಿ ಕೂತು ಹಾಡಿದ್ದು ಅಂತ ಒಂದು ಹಾಡೂ ಇರಲಿಲ್ಲ. ಇದ್ದದ್ದು ಎರಡು ಬಗೆಯ ಸರಕು. ಒಂದು, ಹಳೆಯ ಮೊಬೈಲುಗಳಲ್ಲಿ ಯಾರ್ಯಾರೋ ಹಿಡಿದಿಟ್ಟುಕೊಂಡಿದ್ದ ಅವನದೇ ದನಿ. ಜೀನ್ಸ್ ಯೂನಿಟ್ಟಿನೊಳಗೆ ಹಾಡಿದ್ದು, ಆಯುಧಪೂಜೆಯ ದಿನ ಹಾಡಿದ್ದು, ಹಿಂದೂಪುರದ ಬಸ್ಸಿನ ಹಿಂದಿನ ಸೀಟಿನಲ್ಲಿ ಹಾಡಿದ್ದು. ಇನ್ನೊಂದು, ಅವನ ಹಾಡುಗಳನ್ನು ಬೇರೆಯವರು ತಮ್ಮ ಕಂಠಕ್ಕೆ ಹೊಂದಿಸಿಕೊಂಡು ಹಾಡಿದ ಕವರ್‌ಗಳು. ಕವರ್‌ಗಳಿಗೆ ಮಾತ್ರ ಬರವೇ ಇರಲಿಲ್ಲ. ಮದುವೆ ಆರ್ಕೆಸ್ಟ್ರಾದವರು ಹಾಡಿದ್ದರು, ಕಾಲೇಜು ಹುಡುಗಿಯರು ಹಾಡಿದ್ದರು, ಅರ್ಧ ಕನ್ನಡ ಅರ್ಧ ತೆಲುಗು ಮಾಡಿಕೊಂಡು ಆಟೋದವರೂ ಹಾಡಿದ್ದರು.

ಆರ್ಕೆಸ್ಟ್ರಾದವರು ಹಾಡುವ ಮೊದಲು ಮೈಕಿನಲ್ಲಿ “ಈಗ ಒಂದು ಜಾನಪದ ಗೀತೆ” ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮಡಕಶಿರದ ಬಸ್ ನಿಲ್ದಾಣದ ಪಕ್ಕ ಟೈಲರ್ ಅಂಗಡಿ ಇಟ್ಟುಕೊಂಡು, ಜನರ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುತ್ತ ಕಣ್ಣೆದುರಿಗೇ ಬದುಕಿರುವ ಮನುಷ್ಯನ ಹಾಡು ಜಾನಪದ ಹೇಗಾಗುತ್ತದೆ?

ಅಣ್ಣ ಮಡಕಶಿರದ ಹತ್ತಿರದ ರತ್ನಗಿರಿಯ ಕಡೆಯವನು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ, ಅಲ್ಲಿಂದ ಹೊಲಿಗೆ ಕೆಲಸದ ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರನ್ನೂ ರಾಕ್ ಸಂಗೀತದ ಹುಚ್ಚನ್ನೂ ತಂದವನು. ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ಟುಗಳು ಏಳುತ್ತಿದ್ದಾಗ ಇಲ್ಲಿ ಬಾರ್‌ಟ್ಯಾಕ್ ಆಪರೇಟರ್ ಆಗಿ ಸೇರಿದ. ಪ್ಯಾಂಟಿನ ಜೇಬಿನ ಮೂಲೆಗೂ ಬೆಲ್ಟಿನ ಕುಣಿಕೆಗೂ ಬಿಚ್ಚದ ಹಾಗೆ ಗಟ್ಟಿ ಹೊಲಿಗೆ ಹಾಕುವ ಮಿಶನ್ ಅದು. ಪೆಡಲ್ ಒತ್ತಿದರೆ ಒಂದೇ ಉಸಿರಿಗೆ ‘ಟರ್ರ್’ ಎಂದು ಹೊಲಿದು ನಿಲ್ಲುತ್ತದೆ. ಆಗ ನಾನೂ ಅದೇ ಲೈನಿನಲ್ಲಿ ಜಿಪ್ ಹಾಕುತ್ತಿದ್ದೆ. ಈಗ ನನ್ನದೇ ಸೌಂಡ್ ಸರ್ವೀಸ್ ಇದೆ, ಅದರ ಹಿಂಬದಿಗೆ ಒಂದು ಪುಟ್ಟ ರೆಕಾರ್ಡಿಂಗ್ ರೂಮು. ಕಿವಿಯ ವಿಷಯದಲ್ಲಿ ನನಗೆ ಜಂಬ ಇದೆ, ಅದನ್ನು ಮುಚ್ಚಿಡುವ ಪೈಕಿ ನಾನಲ್ಲ.

ಫೋನ್ ಮಾಡಿ ಒಪ್ಪಿಗೆ ಕೇಳಿದಾಗ ಅಣ್ಣ ಒಂದೇ ಷರತ್ತು ಹಾಕಿದ.

“ಏನಾರಾ ಮಾಡ್ಕೋ ಕಣಮ್ಮ. ಆದ್ರೆ ನಾನು ಕೇಳಿ ಹೂಂ ಅಂದ್ಮೇಲೇ ನನ್ನೆಸ್ರು ಹಾಕ್ಬೇಕು. ಹೂಂ ಅನ್ಲಿಲ್ಲಾ ಅಂದ್ರೆ ಜಾನಪದ ಅಂತ್ಲೇ ಇದ್ಬಿಡ್ಲಿ.”

ಇಷ್ಟು ಚೆನ್ನಾಗಿ ಮಾಡಿದ ಮೇಲೆ ಯಾರು ತಾನೇ ಹೂಂ ಅನ್ನುವುದಿಲ್ಲ ಎಂದುಕೊಂಡು ನಾನು ಕೆಲಸಕ್ಕೆ ಕೂತೆ.

ಮೊದಲು ಅಣ್ಣನ ಹಳೆಯ ರೆಕಾರ್ಡಿಂಗುಗಳನ್ನು ಕೈಗೆತ್ತಿಕೊಂಡೆ. ಮೊಬೈಲಿನಲ್ಲಿ ಹಿಡಿದದ್ದಲ್ಲವೇ, ದನಿಗಿಂತ ಗಲಾಟೆಯೇ ಜಾಸ್ತಿ. ಹಿಂದಿನಿಂದ ಮಿಶನ್ನುಗಳ ‘ಗುಂಯ್’ ಸದ್ದು ಬಿಡದೆ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಆ ಗುಂಯ್ ಅಷ್ಟನ್ನೇ ಆರಿಸಿ ತೆಗೆಯುವ ವಿಧಾನ ಇದೆ. ಯಾರೂ ಹಾಡದ ಒಂದು ತುಣುಕನ್ನು ತೋರಿಸಿ ‘ಇದು ಕಸ’ ಎಂದು ಹೇಳಿಕೊಟ್ಟರೆ, ಇಡೀ ಹಾಡಿನಿಂದ ಅದನ್ನು ಸೋಸಿ ಹಾಕುತ್ತದೆ. ಜಾಸ್ತಿ ಸೋಸಿದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಸೋಸಿದೆ. ಮಧ್ಯದ ಮಾತುಕತೆ, ನಗು, ಕೆಮ್ಮು ಎಲ್ಲ ಕತ್ತರಿಸಿದೆ.

ಇನ್ನೊಂದು ತೊಡಕಿತ್ತು. ಅಣ್ಣನ ಗಿಟಾರಿನ ಶ್ರುತಿ ಯಾವ ಕೀಬೋರ್ಡಿಗೂ ಕೂಡುತ್ತಿರಲಿಲ್ಲ. ಕೀಬೋರ್ಡಿನ ಒಂದು ಮನೆಗೂ ಪಕ್ಕದ ಮನೆಗೂ ನಡುವೆ, ಎರಡಕ್ಕೂ ಸೇರದ ಜಾಗದಲ್ಲಿ ಅವನ ಹಾಡು ಕೂತಿತ್ತು. ಸಾಲದ್ದಕ್ಕೆ, ಒಂದೇ ಹಾಡಿನ ಎರಡು ರೆಕಾರ್ಡಿಂಗುಗಳಲ್ಲಿ ಒಂದು ಇನ್ನೊಂದಕ್ಕಿಂತ ಚೂರು ಮೇಲಿತ್ತು. ಹಳೆಯ ಮೊಬೈಲುಗಳ ವೇಗವೇ ಹೆಚ್ಚುಕಮ್ಮಿ ಇರಬೇಕು ಎಂದು ತೀರ್ಮಾನಿಸಿ, ಎಲ್ಲವನ್ನೂ ಹಿಗ್ಗಿಸಿ ಕುಗ್ಗಿಸಿ ಕೀಬೋರ್ಡಿನ ಮನೆಗೆ ತಂದು ಕೂರಿಸಿದೆ. ನನ್ನ ಕೆಲಸ ನೋಡಿ ನನಗೇ ಭೇಷ್ ಅನ್ನಿಸಿತು. ಕೇಳಿದವರೆಲ್ಲ ಪಿಚ್ಚರ್ ಹಾಡಿದ್ದಂಗೆ ಐತಿ ಎಂದು ಹೊಗಳಿದರು.

ಪಾವಗಡದಲ್ಲಿ ಬಸ್ಸು ಬದಲಿಸಿಕೊಂಡು ಮಡಕಶಿರಕ್ಕೆ ಹೋದೆ. ಅಣ್ಣ ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಹೆಡ್‌ಫೋನ್ ಹಾಕಿಕೊಂಡ. ಕಣ್ಣು ಮುಚ್ಚಿ ಕೇಳಿದ. ನಾನು ಅವನ ಮುಖವನ್ನೇ ನೋಡುತ್ತ ಕೂತಿದ್ದೆ. ಪೂರಾ ಕೇಳಿ, ಹೆಡ್‌ಫೋನ್ ತೆಗೆದು ನನ್ನ ಮಡಿಲಿಗಿಟ್ಟ.

“ಭಾಳಾ ಸಂದಾಗೈತೆ. ಆದ್ರೆ ಇದು ನಂದಲ್ಲ.”

“ನಿನ್ನ ದನೀನೇ ಅಲ್ವೇನಣ್ಣ ಇದು?”

“ದನಿ ನಂದೇ. ಆಡು ನಂದಲ್ಲ. ಎಲ್ಲೋ ಏನೋ ತೆಗ್ದಾಕಿದೀಯ ನೀನು. ಓಗು, ಊಟ ಮಾಡ್ಕೊಂಡೋಗು.”

ಏನು ತೆಗೆದೆ ಎಂದು ನಾನು ಕೇಳುತ್ತಿದ್ದ ಹಾಗೇ ಯಾರದೋ ಪ್ಯಾಂಟು ಎತ್ತಿಕೊಂಡು ಹೊಲಿಯಲು ಕೂತ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವನನ್ನು ಮನಸಾರೆ ಬೈದುಕೊಂಡೆ. ಹೆಸರು ಬೇಡವಾದರೆ ಬಿಡಲಿ, ಊರಿಗೆಲ್ಲ ಹೇಳಿಕೊಂಡು ಬಂದ ನನ್ನ ಮುಖ ಎಲ್ಲಿಡಲಿ ಎಂಬುದೇ ಚಿಂತೆ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಹಳೆಯದನ್ನು ಎಷ್ಟು ತಿದ್ದಿದರೂ ಹಳೆಯದೇ. ಹೊಸದಾಗಿ ಒಂದು ಒಳ್ಳೆಯ ಕವರ್ ಮಾಡಿದರೆ ಅಣ್ಣ ಮೆತ್ತಗಾಗಬಹುದು. ನಮ್ಮ ಹಳೆಯ ಯೂನಿಟ್ಟಿನಲ್ಲಿ ಸೊಂಟದ ಪಟ್ಟಿ ಹೊಲಿಯುವ ಅಕ್ಕ ಒಬ್ಬಳಿದ್ದಳು, ಎಲ್ಲರೂ ಅವಳನ್ನು ಬೆಲ್ಟ್ ಅಕ್ಕ ಎನ್ನುತ್ತಿದ್ದರು. ಗುಮ್ಮಘಟ್ಟದ ಕುರಿ ಕಾಯುವ ಮನೆತನದವಳು. ಅಣ್ಣನ ಹಾಡನ್ನು ಅವಳು ಹಾಡಿದರೆ ಇಡೀ ಲೈನು ಸುಮ್ಮನಾಗುತ್ತದೆ ಎಂದು ಅಲ್ಲಿನವರೇ ಹೇಳುತ್ತಿದ್ದರು. ಅದೇ ಯೂನಿಟ್ಟಿನ ಇಸ್ತ್ರಿ ಸೆಕ್ಷನ್ನಿನಲ್ಲಿ ಗಿಟಾರ್ ಬಾರಿಸುವ ಮಾಸ್ತರನೂ ಇದ್ದ. ಇಬ್ಬರನ್ನೂ ನನ್ನ ರೂಮಿಗೆ ಕರೆಸಿದೆ.

ಗೋಡೆಗೆಲ್ಲ ಸ್ಪಂಜು ಬಡಿದ ರೂಮು ಅದು, ಸೊಳ್ಳೆ ಹಾರಿದರೂ ಕೇಳುತ್ತದೆ. ಬೆಲ್ಟ್ ಅಕ್ಕ ಮೈಕಿನ ಮುಂದೆ ನಿಂತು ಬಾಯಿ ತೆಗೆದಳು. ದನಿ ಎಲ್ಲೋ ಶುರುವಾಗಿ ಎಲ್ಲಿಗೋ ಜಾರಿತು. ಇಸ್ತ್ರಿ ಮಾಸ್ತರ ಶ್ರುತಿ ಕೊಟ್ಟರೂ ಅದನ್ನು ಹಿಡಿಯಲಾಗದೆ ಮೇಲೆ ಕೆಳಗೆ ತಡಕಾಡಿದಳು. ಮತ್ತೆ ಮತ್ತೆ ಹಾಡಿಸಿದೆ, ಮತ್ತೆ ಮತ್ತೆ ಕೆಟ್ಟಿತು. ಅವಳಿಗೆ ಅಳುವೇ ಬಂತು.

“ಇಲ್ಲಿ ಯಾಕೋ ಆಗವಲ್ದ್ರಿ ಅಕ್ಕಾ. ಬಾವ್ಯಾಗ ನಿಂತಂಗ ಆಗತೈತಿ. ನೀವ ಯೂನಿಟ್ಟಿಗೆ ಬರ್ರಿ, ಅಲ್ಲಿ ನೋಡ್ರಿ ನಾ ಹೆಂಗ ಹಾಡ್ತೀನಿ.”

ಅವಳನ್ನು ಸಮಾಧಾನ ಮಾಡಲೆಂದೇ ಮಾರನೆಯ ದಿನ ಕೆಲಸದ ಹೊತ್ತಿಗೆ ಯೂನಿಟ್ಟಿಗೆ ಹೋದೆ. ಕೈಯಲ್ಲಿ ಫೋನು ಬಿಟ್ಟರೆ ಏನೂ ಇರಲಿಲ್ಲ. ಈಗಿನ ದೊಡ್ಡ ಯೂನಿಟ್ಟುಗಳಲ್ಲಿ ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಹೊಸ ಮೋಟಾರುಗಳಿವೆ. ಈ ಯೂನಿಟ್ಟಿನಲ್ಲಿ ಇನ್ನೂ ಹಳೆಯ ಕ್ಲಚ್ ಮೋಟಾರುಗಳೇ. ಸ್ವಿಚ್ ಹಾಕಿದರೆ ಸಾಕು, ಹೊಲಿದರೂ ಹೊಲಿಯದಿದ್ದರೂ ಇಡೀ ದಿನ ಗುಂಯ್ ಎನ್ನುತ್ತಲೇ ಇರುತ್ತವೆ. ಬೆಲ್ಟ್ ಅಕ್ಕ ಪಟ್ಟಿ ಹೊಲಿಯುತ್ತಲೇ ‘ನಾ ಹೊಲಿದ ಪ್ಯಾಂಟು’ ಎಂಬ ಅಣ್ಣನ ಹಾಡನ್ನು ಎತ್ತಿಕೊಂಡಳು. ಸುತ್ತಲಿನ ಹೆಂಗಸರೂ ಸೇರಿಕೊಂಡರು. ನಿನ್ನೆ ಅತ್ತವಳು ಇವಳೇನಾ ಅನ್ನಿಸಿತು. ದನಿ ಗೂಟ ಹೊಡೆದಂತೆ ಒಂದೇ ಕಡೆ ನಿಂತಿತ್ತು. ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ತೆಗೆದು ಹಿಡಿದೆ. ಮುಳ್ಳು ಕೀಬೋರ್ಡಿನ ಎರಡು ಮನೆಗಳ ನಡುವೆ ನಿಂತಿತ್ತು, ಅಣ್ಣನ ಹಾಡು ಕೂತಿದ್ದ ಅದೇ ಜಾಗದಲ್ಲಿ.

ಅಷ್ಟರಲ್ಲಿ ಕರೆಂಟು ಹೋಯಿತು. ಮೋಟಾರುಗಳು ಉಸಿರು ಬಿಟ್ಟು ನಿಂತವು, ಹಾಡೂ ನಿಂತಿತು. ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ. ಹೊರಗೆ ಜನರೇಟರ್ ಹಾಕಿದರು, ಮೋಟಾರುಗಳು ಮತ್ತೆ ತಿರುಗಿದವು, ಹೆಂಗಸರು ಬಿಟ್ಟ ಸಾಲಿನಿಂದಲೇ ಹಾಡು ಮುಂದುವರಿಸಿದರು. ನನ್ನ ಕಿವಿ ನೆಟ್ಟಗಾಯಿತು. ಎಲ್ಲರೂ ಒಟ್ಟಿಗೆ ಚೂರು ಮೇಲಕ್ಕೆ ಹೋಗಿದ್ದರು. ಟ್ಯೂನರಿನ ಮುಳ್ಳೂ ಮೇಲಿನ ಮನೆಯ ಕಡೆಗೆ ಸರಿದಿತ್ತು.

“ಅಕ್ಕಾ, ಈಗ ಶ್ರುತಿ ಏರಿಸಿದ್ರಲ್ಲ, ಯಾಕ?” ಎಂದೆ.

“ಎಲ್ಲೇರ್ಸೀವ್ರಿ? ಹೆಂಗಿತ್ತೋ ಹಂಗ ಹಾಡಾಕತ್ತೀವಿ,” ಎಂದಳು ಬೆಲ್ಟ್ ಅಕ್ಕ, ಪಟ್ಟಿಯಿಂದ ಕಣ್ಣು ತೆಗೆಯದೆ.

ಅಲ್ಲೇ ನಿಂತು ಹಣೆ ಚಚ್ಚಿಕೊಂಡೆ. ಕಂಬದಿಂದ ಬರುವ ಕರೆಂಟು ಯಾವಾಗಲೂ ಒಂದೇ ವೇಗದಲ್ಲಿ ಮಿಡಿಯುತ್ತದೆ, ಮೋಟಾರಿನ ಗುಂಯ್ ಸದ್ದೂ ಒಂದೇ ಶ್ರುತಿಯಲ್ಲಿರುತ್ತದೆ. ಈ ಯೂನಿಟ್ಟಿನ ಜನರೇಟರ್ ಸ್ವಲ್ಪ ಜೋರಾಗಿ ಓಡುತ್ತದೆ, ಆಗ ಮೋಟಾರಿನ ದನಿಯೂ ಏರುತ್ತದೆ. ದಿನವೆಲ್ಲ ಆ ದನಿಯೊಳಗೇ ಕೂತವರು ತಮಗೆ ಗೊತ್ತಿಲ್ಲದೆ ಅದನ್ನೇ ಹಿಡಿದು ಹಾಡುತ್ತಾರೆ. ಹಾಗಾದರೆ ಆ ಎರಡು ರೆಕಾರ್ಡಿಂಗುಗಳಲ್ಲಿ ಮೊಬೈಲಿನ ತಪ್ಪೇನೂ ಇರಲಿಲ್ಲ. ಒಂದು ಕರೆಂಟಿನ ಹಾಡು, ಇನ್ನೊಂದು ಜನರೇಟರಿನ ಹಾಡು.

ರೂಮಿಗೆ ಓಡಿ ಬಂದು, ಸೋಸದೆ ಉಳಿಸಿಟ್ಟಿದ್ದ ಆಯುಧಪೂಜೆಯ ಮೂಲ ರೆಕಾರ್ಡಿಂಗನ್ನು ಹಾಕಿದೆ. ಆಯುಧಪೂಜೆಯ ದಿನ ಮಿಶನ್ನುಗಳನ್ನು ತೊಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿದ ಮೇಲೆ ಯಾರೂ ಪೆಡಲ್ ಮುಟ್ಟುವ ಹಾಗಿಲ್ಲ. ಯೂನಿಟ್ಟು ಆ ಒಂದು ದಿನ ಸ್ತಬ್ಧ. ಹಾಡಿಗೆ ಮೊದಲು ಅಣ್ಣ ಏನೋ ಕೇಳುತ್ತಾನೆ, ಜನ ನಗುತ್ತಾರೆ. ಹರಟೆ ಎಂದು ನಾನು ಕತ್ತರಿಸಿ ಬಿಸಾಕಿದ್ದ ತುಣುಕು ಅದು. ಈಗ ಕಿವಿಗೊಟ್ಟು ಕೇಳಿದೆ. “ಒಂದು ಮಿಶನ್ ಆನ್ ಮಾಡ್ರಪ್ಪಾ, ಒಂದೇ ಒಂದು,” ಎನ್ನುತ್ತಿದ್ದಾನೆ ಅಣ್ಣ. “ಪೂಜಿ ಆಗೇತಿ, ಇವತ್ತ ಮುಟ್ಟಬಾರ್ದು,” ಎಂದು ಯಾವುದೋ ಹೆಂಗಸಿನ ದನಿ. “ಹೊಲಿಯೋದಿಲ್ಲಮ್ಮ, ಸುಮ್ನೆ ತಿರುಗ್ಲಿ, ಕೈ ಮುಗೀತೀನಿ.” ಮತ್ತೆ ನಗು. ಆಮೇಲೆ ಟಕ್ ಎಂದು ಸ್ವಿಚ್ ಹಾಕಿದ ಸದ್ದು, ಗುಂಯ್ ಎನ್ನುವ ಒಂದೇ ಮೋಟಾರು, ಅದಕ್ಕೆ ಸರಿಯಾಗಿ ಗಿಟಾರಿನ ತಂತಿ ಒಂದೊಂದಾಗಿ ಬಿಗಿಯುವ ಸದ್ದು.

ಕಸ ಎಂದು ನಾನು ಸೋಸಿ ತೆಗೆದದ್ದು ಅವನ ತಂಬೂರಿಯನ್ನು. ಬೇರೆ ಊರಿನ ಸೌಂಡಿನವನಾಗಿದ್ದರೆ ಆ ಸದ್ದಿನ ಬಗ್ಗೆ ಒಂದು ಮಾತಾದರೂ ಕೇಳುತ್ತಿದ್ದ. ವರ್ಷಗಟ್ಟಲೆ ಅದರ ನಡುವೆ ಜಿಪ್ ಹೊಲಿದ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

ಆವತ್ತೇ ನಿರ್ಧಾರ ಮಾಡಿದೆ. ಸೋಸಿದ ಹಾಡುಗಳನ್ನೆಲ್ಲ ಅಳಿಸಿಹಾಕಿದೆ. ಅಣ್ಣನ ಹಳೆಯ ರೆಕಾರ್ಡಿಂಗುಗಳು ಇದ್ದ ಹಾಗೇ ಇರಲಿ, ನಗು ಕೆಮ್ಮು ಸಮೇತ. ಹೊಸ ಕವರ್‌ಗಳನ್ನು ಸ್ಪಂಜಿನ ರೂಮಿನಲ್ಲಿ ಅಲ್ಲ, ಮಿಶನ್ನುಗಳು ತಿರುಗುತ್ತಿರುವ ಯೂನಿಟ್ಟಿನಲ್ಲೇ ಮಾಡುವುದು. ಪರಿಚಯದ ಇನ್ನೊಬ್ಬ ಸೌಂಡಿನವನಿಗೆ ಹೇಳಿದರೆ ತಲೆ ಕೆಟ್ಟಿದೆಯೇ ಎಂದ. ಕೆಟ್ಟಿದೆ ಎಂದೆ.

ಯೂನಿಟ್ಟಿನ ಸಾವ್ಕಾರರು ರಜೆಯ ದಿನ ಬಾಗಿಲು ತೆಗೆಸಿಕೊಡಲು ಒಪ್ಪಿದರು. ಹಾಡಿನ ವಿಡಿಯೋನೂ ಮಾಡಬೇಕು, ಅದರಲ್ಲಿ ಯೂನಿಟ್ಟಿನ ಬೋರ್ಡು ಕಾಣಬೇಕು, ತಾವೂ ಒಂದು ಕ್ಷಣ ಕಾಣಬೇಕು ಎಂಬುದು ಅವರ ಬೇಡಿಕೆ.

ಸುಲಭವಾಗಿರಲಿಲ್ಲ. ಎಲ್ಲ ಮೋಟಾರುಗಳನ್ನೂ ಹಾಕಿದರೆ ಗಿಟಾರೇ ಮುಳುಗಿಹೋಯಿತು. ಒಂದೊಂದಾಗಿ ಆರಿಸುತ್ತ ಬಂದು, ಬಾಗಿಲ ಬದಿಯ ಸಾಲನ್ನಷ್ಟೇ ಉಳಿಸಿದಾಗ ದನಿಗೆ ಜಾಗ ಸಿಕ್ಕಿತು. ಮೈಕನ್ನು ಮೇಜಿನ ಮೇಲಿಟ್ಟರೆ ಮಿಶನ್ನಿನ ನಡುಕ ಒಳಗೆ ಬರುತ್ತಿತ್ತು. ಅದನ್ನು ದಾರದ ಉಂಡೆ ನಿಲ್ಲಿಸುವ ಸ್ಟ್ಯಾಂಡಿಗೆ ಎಲಾಸ್ಟಿಕ್ಕಿನಿಂದ ನೇತುಹಾಕಿ, ಹತ್ತಿಯ ಧೂಳು ಹೋಗದಂತೆ ಜೇಬಿನ ಒಳಬಟ್ಟೆ ಸುತ್ತಿದೆ. ಯೂನಿಟ್ಟಿನಲ್ಲಿ ಹಾಡುವಾಗ ಅಣ್ಣ ಡ್ರಮ್ಮಿನ ಬದಲು ಕಾಲಿನಲ್ಲಿ ಬಾರ್‌ಟ್ಯಾಕಿನ ಪೆಡಲ್ ಒತ್ತುತ್ತಿದ್ದ, ಆ ಸದ್ದೂ ಬೇಕಿತ್ತು. ಬಟ್ಟೆ ಇಲ್ಲದೆ ಒತ್ತಿದ್ದಕ್ಕೆ ಸೂಜಿ ಮುರಿಯಿತು. ತೆಳು ಬಟ್ಟೆ ಇಟ್ಟರೆ ಸದ್ದಿಗೆ ಗತ್ತಿಲ್ಲ. ಜೀನ್ಸಿನ ಚೂರುಗಳನ್ನು ಮಡಿಸಿ ಮಡಿಸಿ ದಪ್ಪ ಮಾಡಿ ಕೊಟ್ಟಾಗ ಎದೆಗೆ ಬಡಿಯುವ ಆ ಹಳೆಯ ‘ಟರ್ರ್’ ಬಂತು. ನಾನೇ ಪೆಡಲಿಗೆ ಕೂತೆ. ಇಸ್ತ್ರಿ ಮಾಸ್ತರ ಮೋಟಾರಿಗೆ ಕಿವಿಯಿಟ್ಟು ಗಿಟಾರಿನ ತಂತಿ ಬಿಗಿದ.

ಬೆಲ್ಟ್ ಅಕ್ಕ ಹಾಡಿದಳು. ಅಬ್ಬಾ, ಅದೇನು ದನಿ! ಆದರೆ ಒಂದು ಸಾಲಿಗೆ ಬಂದಾಗ ನನ್ನ ಕಾಲು ಪೆಡಲಿನ ಮೇಲೆ ತಡವರಿಸಿತು. ಅಣ್ಣನ ಸಾಲು ಹೀಗಿದೆ:

“ನಾ ಹೊಲಿದ ಪ್ಯಾಂಟು ಊರೂರು ತಿರುಗ್ತೈತೆ,
ನಾನ್ಯಾಕೆ ಕುಂತೆ ಇಲ್ಲೇ?”

ಅವಳು ಹಾಡಿದ್ದು ಬೇರೆ:

“ನಾ ಹೊಲಿದ ಪ್ಯಾಂಟು ಊರೂರು ತಿರುಗ್ಲಿ ಬಿಡು,
ನನ್ನೂರ ನಾನ ಹೊಲಕೊಂಡೆ.”

ನನ್ನ ರೂಮಿನಲ್ಲಿ ಅವಳು ಈ ಸಾಲಿನ ತನಕ ಬಂದೇ ಇರಲಿಲ್ಲ, ಯೂನಿಟ್ಟಿನಲ್ಲಿ ಎಲ್ಲರೂ ಸೇರಿ ಹಾಡುವಾಗ ಇದು ನನಗೆ ಕೇಳಿಸಿಯೇ ಇರಲಿಲ್ಲ. ಇಷ್ಟು ಕಷ್ಟಪಟ್ಟು ಶ್ರುತಿ ತಂದಾಗಿದೆ, ಈಗ ಮಾತೇ ಬದಲಾದರೆ ಅಣ್ಣ ಹೂಂ ಅಂದ ಹಾಗೇ! ಮೂಲದ ಸಾಲನ್ನೇ ಹಾಡು ಎಂದು ಕೇಳಿಕೊಂಡೆ.

“ಆಗಂಗಿಲ್ರಿ,” ಎಂದಳು. “ಅಣ್ಣ ಬರ್ದಿದ್ದು ಅಣ್ಣಗ ಖರೇ. ನಾವು ಕುರಿ ಹಿಂದ ಊರೂರು ತಿರುಗಿದ ಮಂದಿ. ತಿರುಗೋದು ಏನಂತ ನನಗ ಗೊತ್ತೈತಿ. ಇಲ್ಲಿ ಕುಂತ ಮ್ಯಾಲೇ ನನಗೊಂದು ಬಾಗ್ಲು, ಒಂದು ಒಲಿ ಅಂತ ಆಗ್ಯಾವ. ಯಾಕ ಕುಂತೆ ಅಂತ ನಾ ಹಾಡಿದ್ರ ನನ್ನ ಬಾಯಾಗ ಅದು ಸುಳ್ಳಾಗತೈತ್ರಿ.”

ಇಸ್ತ್ರಿ ಮಾಸ್ತರ ನನ್ನ ಮುಖ ನೋಡಿದ. ಕಂಪ್ಯೂಟರಿನಲ್ಲಿ ಆ ಸಾಲನ್ನಷ್ಟೇ ಕತ್ತರಿಸಿ, ಕಾಲೇಜು ಹುಡುಗಿಯರ ಕವರಿನಿಂದ ಮೂಲದ ಸಾಲನ್ನು ತಂದು ಜೋಡಿಸಬಹುದಿತ್ತು. ಹೊಲಿಗೆ ಕಾಣದಂತೆ ಜೋಡಿಸುವುದು ನನಗೆ ಗೊತ್ತು. ಆದರೆ ಒಮ್ಮೆ ಕತ್ತರಿಸಿ ಬುದ್ಧಿ ಕಲಿತಾಗಿತ್ತು. ಅವಳು ಹಾಡಿದ್ದನ್ನು ಹಾಡಿದ ಹಾಗೇ ಇಟ್ಟೆ.

ಮತ್ತೆ ಮಡಕಶಿರ. ಈ ಸಲ ಅಣ್ಣ ಹೆಡ್‌ಫೋನ್ ಹಾಕಿಕೊಂಡ ಕೂಡಲೇ, ಹಾಡು ಶುರುವಾಗುವ ಮೊದಲೇ, ಮೋಟಾರಿನ ಸದ್ದಿಗೇ ಅವನ ಮುಖ ಅರಳಿತು. “ಸಿಕ್ತು ನೋಡು,” ಎಂದ.

“ಮೊದಲೇ ಹೇಳಬಾರದಿತ್ತೇನಣ್ಣ?”

“ಶ್ರುತಿಪೆಟ್ಗೆ ಎಲ್ಲಿತ್ತು ನಂತಾವ? ಇದ್ದುದ್ದಕ್ಕೇ ಕಟ್ಕೊಂಡೆ. ನೀನೂ ಅದೇ ಲೈನಲ್ಲಿ ಕುಂತಿದ್ದೋಳು, ನಿಂಗೂ ಯೇಳ್ಬೇಕಾ?”

ಬೆಲ್ಟ್ ಅಕ್ಕನ ಹಾಡು ಬಂತು. ಆ ಸಾಲೂ ಬಂತು. ಅಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಎದುರಿಗಿದ್ದ ಪ್ಯಾಂಟನ್ನು ಸುಮ್ಮನೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, “ಅದೇ ಇನ್ನೊಂದ್ ಕಿತ ಹಾಕು,” ಎಂದ. ಹಾಕಿದೆ. ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

“ರಜಾ ದಿನ ಬತ್ತೀನಿ ರಾಯದುರ್ಗಕ್ಕೆ. ಆಯಮ್ಮನ್ನ ಇರಾಕ್ ಯೇಳು.”

ಹೇಳಿದಂತೆ ಬಂದ. ಗಿಟಾರಿಗೆ ಹಳೆಯ ಜೀನ್ಸಿನದೇ ಒಂದು ಚೀಲ ಹೊಲಿದುಕೊಂಡಿದ್ದ. ಬೆಲ್ಟ್ ಅಕ್ಕನಿಗೆ ಕೈ ಮುಗಿದ, ಅವಳು ಗಾಬರಿಯಾಗಿ ಎದ್ದು ನಿಂತಳು. ಬಾಗಿಲ ಬದಿಯ ಸಾಲಿನ ಮೋಟಾರುಗಳನ್ನು ಹಾಕಿಸಿ, ಒಂದು ಮಿಶನ್ನಿನ ತಲೆಯ ಮೇಲೆ ಅಂಗೈಯಿಟ್ಟು ತಂತಿ ಬಿಗಿದ. ನಾನು ಮೈಕಿನ ಕಡೆ ಕೈ ಚಾಚಿದರೆ, “ಏನೂ ಹಿಡೀಬ್ಯಾಡ, ಸುಮ್ನೆ ಆಡ್ತೀನಿ,” ಎಂದ.

ಎಷ್ಟೋ ವರ್ಷಗಳ ಮೇಲೆ ಹಾಡುತ್ತಿದ್ದ. ಮೇಲಿನ ಸ್ವರಕ್ಕೆ ದನಿ ಒರಟಾಗಿತ್ತು, ಆದರೆ ಹಿಡಿತ ಹಾಗೇ ಇತ್ತು. ನಾನು ಬಾರ್‌ಟ್ಯಾಕಿನ ಪೆಡಲ್ ಒತ್ತುತ್ತ ಹೆಮ್ಮೆಯಿಂದ ಬೀಗುತ್ತಿದ್ದೆ, ಕಣ್ಣೂ ತುಂಬಿತ್ತು. ಪ್ಯಾಂಟಿನ ಸಾಲು ಬಂತು. ಅಣ್ಣ ಬೆಲ್ಟ್ ಅಕ್ಕನ ಕಡೆ ತಿರುಗಿ ಹಾಡಿದ:

“ನಾ ಹೊಲಿದ ಪ್ಯಾಂಟು ಊರೂರು ತಿರುಗ್ಲಿ ಬಿಡು,
ನನ್ನೂರ ನಾನೇ ಹೊಲ್ಕೊಂಡೆ.”

ಬೆಲ್ಟ್ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಂದು ಹಾಡಾಕತ್ಯಾರ,” ಎಂದು ಇಸ್ತ್ರಿ ಮಾಸ್ತರನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಹಾಡು ಮುಗಿಯಿತು. ಇನ್ನು ತಡೆಯಲಾಗದೆ ಕೇಳಿಯೇಬಿಟ್ಟೆ. “ಅಣ್ಣಾ, ಈಗಲಾದರೂ ಹೂಂ ಅಂತೀಯಾ?”

“ನನ್ನೇನ್ ಕೇಳ್ತೀಯ?” ಎಂದ ಅಣ್ಣ. “ಈಗ ನಾನು ಆಯಮ್ಮನ ಆಡು ಆಡಿದೀನಿ. ಆಯಮ್ಮ ಕೇಳಿ ಹೂಂ ಅಂದ್ರೆ, ಇಬ್ರೆಸ್ರೂ ಹಾಕು.”

ಎಲ್ಲರೂ ಬೆಲ್ಟ್ ಅಕ್ಕನ ಕಡೆ ತಿರುಗಿದೆವು. ಅವಳು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ತನ್ನ ಮಿಶನ್ನಿನ ಮುಂದೆ ನೆಟ್ಟಗೆ ಕೂತಳು.

“ಇನ್ನೊಮ್ಮೆ ಹಾಡ್ರಿ ಅಣ್ಣಾ,” ಎಂದಳು. “ಕೇಳಿ ಹೇಳ್ತೀನಿ.”

ಅಣ್ಣ ನಗುತ್ತ ಗಿಟಾರ್ ಎತ್ತಿಕೊಂಡ. ಈ ಸಲ ಯಾರನ್ನೂ ಕೇಳದೆ ನಾನು ರೆಕಾರ್ಡ್ ಒತ್ತಿದೆ.